ಶಿಳ್ಳೆ ಹೊಡೆದದ್ದು ಟರ್ಬೊ ಅಲ್ಲ

ಶಿವಣ್ಣ, ನಿಮ್ಮ ಬಾಮೈದ ಲೋಕೇಶನ ಕಾರಿನ ಟರ್ಬೊವನ್ನು ನೀವು ಕೆಡಿಸಲಿಲ್ಲ. ಅದು ಕೆಟ್ಟೇ ಇರಲಿಲ್ಲ. ಕೆಟ್ಟಿದ್ದು ನನ್ನ ಕೆಲಸ—ಆಮೇಲೆ ನನ್ನ ನಾಲಗೆ. ಈ ಮಾತನ್ನು ಅವತ್ತೇ, ಹೊಳೆನರಸೀಪುರದ ನನ್ನ ಗ್ಯಾರೇಜಿನಲ್ಲಿ, ಎಲ್ಲರೆದುರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಫ್ಯಾನು. ಆ ಗಾಳಿ ಹೋಗುವ ಪೈಪಿಗೆ ಒಂದು ಕ್ಲಿಪ್ಪು. ಆಯುಧಪೂಜೆಯ ಹಿಂದಿನ ದಿನ ಪೈಪು ಬಿಚ್ಚಿ ಒರೆಸುವಾಗ ಅದು ನನ್ನ ಕೈಯಲ್ಲೇ ಮುರಿಯಿತು. ಅಂಥದ್ದು ಹಾಸನದಲ್ಲೂ ಸಿಗಲಿಲ್ಲ. ಬೆಳಗಾದರೆ ಪೂಜೆ, ಲೋಕೇಶ ಆಗಲೇ ಬಾಳೆಕಂದು ತಂದಿಟ್ಟಿದ್ದಾನೆ—ಹಳೇ ಸೈಕಲ್ ಟ್ಯೂಬು ಸೀಳಿ, ಪಟ್ಟಿ ಮಾಡಿ, ಬಿಗಿಯಾಗಿ ಸುತ್ತಿ ಕಟ್ಟಿದೆ. ನಮ್ಮ ಕಡೆ ಸೈಕಲ್ ಟ್ಯೂಬು ಕಟ್ಟದ ವಸ್ತು ಯಾವುದಿದೆ ಹೇಳಿ? ಹಬ್ಬ ಕಳೆದ ಮೇಲೆ ಕ್ಲಿಪ್ಪು ತರಿಸೋಣ ಎಂದುಕೊಂಡೆ. ಹಬ್ಬ ಕಳೆಯಿತು, ಕ್ಲಿಪ್ಪಿನ ನೆನಪೂ ಕಳೆಯಿತು.

ಆಮೇಲೊಂದು ದಿನ ನೀವು ಚನ್ನರಾಯಪಟ್ಟಣದಿಂದ ಬಂದಿರಿ. ಲೋಕೇಶ ಜಂಬದಿಂದ ಕೀ ಕೊಟ್ಟ. "ತಕ್ಕಳಿ ಭಾವ, ಒಂದ್ ರೌಂಡ್ ಓಗ್ಬನ್ನಿ. ಕಾರಲ್ಲ ಇದು, ಇಮಾನ!" ನೀವು ಹಾಸನ ದಾಟಿ ಶಾಂತಿಗ್ರಾಮದವರೆಗೆ ಹೋಗಿ ಬಂದಿರಿ. ವಿಮಾನ ಶಿಳ್ಳೆ ಹೊಡೆಯುತ್ತಾ ವಾಪಸಾಯಿತು.

"ಕುಕ್ಕರ್ ಕೂಗ್ದಂಗ್ ಕೂಗ್ತೈತೆ ಕಣ್ಲಾ ನಾಗ," ಎನ್ನುತ್ತಾ ಲೋಕೇಶ ನಿಮ್ಮನ್ನೂ ಕಾರನ್ನೂ ನನ್ನ ಮುಂದೆ ತಂದು ನಿಲ್ಲಿಸಿದ.

ನನ್ನನ್ನು ಊರವರು 'ಕಿವಿ ನಾಗ' ಎನ್ನುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ರೋಗ ಹೇಳುವವನು—ಅರಕಲಗೂಡಿನಿಂದಲೂ ಗಾಡಿ ತರುತ್ತಾರೆ. ಅವತ್ತು ಪಕ್ಕದ ಟೀ ಅಂಗಡಿಯವರೆಲ್ಲ ಎದ್ದು ಬಂದು ಸುತ್ತ ನಿಂತರು. ಆ ಶಿಳ್ಳೆ ಕೇಳಬೇಕಾದರೆ ರಸ್ತೆಯಲ್ಲಿ ಓಡಿಸಿ ನೋಡಬೇಕು. ನಿಂತ ಕಾರಿನಲ್ಲಿ ಗಾಳಿಯ ಒತ್ತಡ ಏರುವುದೇ ಇಲ್ಲ. ನನಗೆ ಕೇಳಿಸಿದ್ದು—ಏನೂ ಇಲ್ಲ. ಆದರೂ ಸಂಗೀತ ಕಛೇರಿಗೆ ಬಂದವನಂತೆ ತಲೆದೂಗಿದೆ. ಅಷ್ಟು ಜನರೆದುರು 'ಗೊತ್ತಾಗಲಿಲ್ಲ' ಎನ್ನಲು ಈ ನಾಲಗೆ ಹೊರಳಲಿಲ್ಲ.

"ಯಾರೋ ಜೋರಾಗ್ ಓಡ್ಸ್ಕಬಂದು, ತಣ್ಣಗಾಗಕ್ಕೂ ಬುಡ್ದಂಗೆ ಆಫ್ ಮಾಡವ್ರೆ. ಟರ್ಬೊ ಬೇರಿಂಗ್ ಓಗೈತೆ."

ಯಾರೋ! ಓಡಿಸಿದ್ದು ನೀವೊಬ್ಬರೇ.

"ಆಫ್ ಮಾಡಕ್ ಮುಂಚೆ ಒಂದ್ ನಿಮ್ಷ ಬುಟ್ಟಿದ್ದೆ ಕಣಪ್ಪ," ಎಂದಿರಿ.

"ಓಡ್ಸಕ್ ಬರ್ದಿದ್ರೆ ಮದ್ಲೇ ಏಳ್ಬೇಕಿತ್ತು ಭಾವ," ಎಂದ ಲೋಕೇಶ.

ಹೆಣ್ಣು ಕೊಟ್ಟ ಮನೆಯವನು ಹತ್ತು ಜನರೆದುರು ಆಡುವ ಮಾತೇ ಅದು? ನೀವು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಿರಿ.

ನೀವು ಹೋದ ಮೇಲೆ ಬಾನೆಟ್ಟಿಗೆ ಕೈ ಹಾಕಿದೆ. ನಾನೇ ಕಟ್ಟಿದ್ದ ಟ್ಯೂಬಿನ ಪಟ್ಟಿ ಹರಿದು ಜೋತಾಡುತ್ತಿತ್ತು—ಆ ಸಂದಿಯಿಂದ ನುಗ್ಗಿದ ಗಾಳಿಯದೇ ಶಿಳ್ಳೆ. ಓಡಿದ್ದರೆ ಬಸ್ಸು ಹೊರಡುವುದರೊಳಗೆ ಸಿಗುತ್ತಿದ್ದಿರಿ. ನಾನು ಓಡಲಿಲ್ಲ—ಪಟ್ಟಿಯನ್ನು ಜೇಬಿಗೆ ಸೇರಿಸಿದೆ. ಹೊಸ ಕ್ಲಿಪ್ಪು ತರಿಸಿ ಹಾಕಿ, "ಸರಿ ಮಾಡಿದೀನಿ ಕಣ್ಲಾ," ಎಂದೆ. ಲೋಕೇಶ ನನ್ನ ಕಿವಿಯನ್ನು ಊರೆಲ್ಲ ಹೊಗಳಿದ. ನಾನು ಬೇಡ ಎನ್ನಲಿಲ್ಲ.

ಮುಂದಿನ ಗೌರಿ ಹಬ್ಬಕ್ಕೆ ನಿಮ್ಮ ಮನೆಯಾಕೆ ಜಯಕ್ಕನಿಗೆ ತವರಿನ ಬಾಗಿನ ಬರಲಿಲ್ಲ. ಅದರಾಚೆಯ ಹಬ್ಬಕ್ಕೂ ಇಲ್ಲ. ಮೊನ್ನೆ ಹಾಸನದ ಮದುವೆಯೊಂದರಲ್ಲಿ ಅಕ್ಕ ತಮ್ಮ ಬೇರೆ ಬೇರೆ ಪಂಕ್ತಿಯಲ್ಲಿ ಕೂತಿದ್ದರು. ಜಯಕ್ಕ ಎದ್ದು ಬಂದು ನನ್ನನ್ನು ಕೇಳಿದರು: "ಆ ಕಾರು ಈಗ ಚೆನ್ನಾಗ್ ಓಡ್ತೈತೇನಪ್ಪ?" ಆ ಕಾರು ಕಟ್ಟಿಕೊಂಡು ಅವರಿಗೇನು—ಕೇಳಿದ್ದು ತಮ್ಮನ ಸುದ್ದಿಯನ್ನು. ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು, ಪಾಯಸವನ್ನು ಎರಡನೇ ಸಲವೂ ಹಾಕಿಸಿಕೊಂಡೆ. ಆದರೆ ಆಕೆಯ ಮುಖವನ್ನು ಮಾತ್ರ ನೋಡಲಾಗಲಿಲ್ಲ. ನಾಚಿಕೆಯಾಯಿತು, ಶಿವಣ್ಣ.

ನಿನ್ನೆ ಆ ಪಟ್ಟಿಯನ್ನು ಲೋಕೇಶನ ಮುಂದಿಟ್ಟು ಎಲ್ಲ ಹೇಳಿದೆ. ಅದನ್ನೇ ಎಳೆದು ಎಳೆದು ನೋಡಿದ.

"ಕಿವಿ ನಾಗನಂತೆ, ಕಿವಿ! ಬಾಯಿಗ್ ಏನಾಗಿತ್ಲಾ ನಿಂಗೆ?" ಎಂದ. ಆಮೇಲೆ ಅವನ ದನಿ ತಗ್ಗಿತು. "ನಾನಾದ್ರೂ ಭಾವನ್ ಮಾತ್ ಕೇಳ್ಬೇಕಿತ್ತು. ಬಾಗಿನ ನೀನೇ ಒತ್ಕಂಡ್ ಬರ್ಬೇಕು, ತಿಳೀತಾ?"

ನಾಡಿದ್ದು ಗೌರಿ ಹಬ್ಬ. ಅದೇ ಕಾರಿನಲ್ಲಿ, ಲೋಕೇಶನ ಪಕ್ಕ ಕೂತು, ಬಾಗಿನದ ಮೊರ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ನಿಮ್ಮ ಬೀದಿಯವರನ್ನೆಲ್ಲ ಕರೆದು ನಿಲ್ಲಿಸಿರಿ, ಅವರೆದುರೇ ನಿಜ ಹೇಳುತ್ತೇನೆ—ನಾನು ಸುಳ್ಳು ಹೇಳಿದ್ದೂ ಜನರ ಎದುರೇ ಅಲ್ಲವೇ. ನೀವು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೇ ಕೂರುತ್ತೇನೆ. ಬಂದ ಮೇಲೆ ಎಂಜಿನ್ನನ್ನು ಒಂದು ನಿಮಿಷ ಬಿಟ್ಟು ಆಫ್ ಮಾಡುತ್ತೇವೆ—ಅವತ್ತು ನೀವು ಬಿಟ್ಟಿದ್ದಿರಲ್ಲ, ಹಾಗೆ.