ಗಂಡು ಬಂದರಿ, ಹೆಣ್ಣು ಬಂದರಿ

ನಮ್ಮ ಎತ್ತಿನ ಕಾಲು ಯಾವ ಎಲೆಯಿಂದ ನೆಟ್ಟಗಾಯಿತೆಂದು ಕಟ್ಟಿದವಳಿಗೇ ಗೊತ್ತಿರಲಿಲ್ಲ. ನಿಜಾಮನ ಕಾಲದಲ್ಲಿ ಹನುಮಸಾಗರದ ನಮ್ಮ ಓಣಿಯಲ್ಲಿ ಉಳುಕಿಗೆ ಬಂದರಿ ಗಿಡದ ಎಲೆ ಕಟ್ಟುತ್ತಿದ್ದ ಮುದುಕಿ ಅವಳು. ಅವಳ ಪ್ರಕಾರ ಸಣ್ಣ ಎಲೆಯ ಗಿಡ ಗಂಡು, ಅಗಲ ಎಲೆಯದು ಹೆಣ್ಣು. ಗಂಡಸರಿಗೆ ಗಂಡು, ಹೆಂಗಸರಿಗೆ ಹೆಣ್ಣು. ಎಲೆಯನ್ನು ಮೂಗಿಗೆ ಹಿಡಿದು, "ತಪ್ಪಿದ್ರ ಬಾವು ಏರತೈತಿ" ಎನ್ನುವುದು ಅವಳ ಮಾತು.

ಮಳೆ ಬಿದ್ದು ಕೂರಿಗೆ ಹೂಡುವ ಹೊತ್ತಿಗೇ ನಮ್ಮ ಎತ್ತು ಕಾಲು ಉಳುಕಿಸಿಕೊಂಡಿತು. ನೆಲದ ಹಸಿ ಆರಿದರೆ ಆ ವರ್ಷದ ಬಿತ್ತನೆ ಹೋದಂತೆಯೇ. ಎಲೆ ತರಲು ಅವಳನ್ನು ಗುಡ್ಡಕ್ಕೆ ಕರೆದೊಯ್ದೆ.

"ಬೀಜ ಒಡದ ಎತ್ತು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದಕ್ಕ ಯಾವದು ಕಟ್ಟೂದು, ಯವ್ವಾ?" ಎಂದು ನನ್ನನ್ನೇ ಕೇಳಿದಳು.

"ನನಗೇನ ಕೇಳ್ತಿ ಆಯಿ? ಎತ್ತಿಗೇ ಕೇಳು" ಎಂದೆ.

ಅಷ್ಟರಲ್ಲಿ ಒಂದೇ ಗಿಡದಲ್ಲಿ ಎರಡೂ ಬಗೆಯ ಎಲೆ ಕಂಡವು. ಮೂಸಿದಳು, ತಿರುವಿ ನೋಡಿದಳು, ಅಲ್ಲೇ ಕುಳಿತುಬಿಟ್ಟಳು.

"ಇಷ್ಟ ದಿನ ಯಾರಿಗೆ ಏನ ಕಟ್ಟೀನೋ!"

ಕೊನೆಗೆ ಎರಡನ್ನೂ ಮನೆಗೆ ತಂದು ಜಜ್ಜಿ, ಬಿಸಿ ಮಾಡಿ ಎತ್ತಿನ ಕಾಲಿಗೆ ಕಟ್ಟಿದಳು.

ಮರುದಿನ ಬೆಳಿಗ್ಗೆ ಎತ್ತು ಕಾಲೂರಿತು. ನಾನು ಗುಡ್ಡಕ್ಕೆ ಹೋಗಿ, ಅಗಲ ಸಣ್ಣ ನೋಡದೆ ಬುಟ್ಟಿ ತುಂಬ ಎಲೆ ಹರಿದು ತಂದು, ಅವಳ ಕಟ್ಟೆಯ ಮೇಲೆ ಸುರಿದೆ.