ಗೂಡಿನ ರೇಟೂ ಅಣ್ಣನ ಮೂಗೂ

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ. ನಾನು ಫೋನು ಎತ್ತಿ ಹಿಂದಿನ ದಿನದ ರೇಷ್ಮೆಗೂಡಿನ ರೇಟು ನೋಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನನ್ನ ಬಳಿ ಒಂದು ಹುಳುವಿಲ್ಲ, ಒಂದು ಕಡ್ಡಿ ಹಿಪ್ಪುನೇರಳೆ ಸೊಪ್ಪಿಲ್ಲ. ಆದರೆ ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಈ ಚಾಳಿ ತಪ್ಪುವುದಿಲ್ಲ. ನಮ್ಮ ಸುತ್ತಲಿನ ಊರುಗಳೂ ಹೀಗೆಯೇ. ಚಿಂತಾಮಣಿಯವರು ಟೊಮೆಟೊ ರೇಟು ಹೇಳದೆ ಕಾಫಿ ಕುಡಿಯುವುದಿಲ್ಲ, ಚಿಕ್ಕಬಳ್ಳಾಪುರದವರಿಗೆ ಸೇವಂತಿಗೆಯ ಚಿಂತೆ, ಗೌರಿಬಿದನೂರಿನವರಿಗೆ ಮೆಕ್ಕೆಜೋಳದ್ದು. ಯಾವುದಾದರೂ ಮದುವೆಮನೆಯಲ್ಲಿ ಈ ನಾಲ್ಕೂ ಊರಿನವರು ಒಂದೇ ಪಂಕ್ತಿಯಲ್ಲಿ ಕೂತರೆ ಸಾಕು, ಪಾಯಸ ಬರುವಷ್ಟರಲ್ಲಿ ಇಡೀ ಜಿಲ್ಲೆಯ ಬೆಳೆಯ ಬೆಲೆ ಎಲೆಯ ಮೇಲೆ ಬಂದಿರುತ್ತದೆ.

ನನ್ನ ಕಷ್ಟ ಮಾತ್ರ ಸ್ವಲ್ಪ ವಿಚಿತ್ರದ್ದು. ರೇಟು ನೋಡಿದ ಮೇಲೆ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ. ನಮ್ಮದು ಉರ್ದು ಮಾತಾಡುವ ಮನೆ, ಅಜ್ಜನ ಕಾಲದಿಂದ ಗೂಡು ಕೊಂಡು ನೂಲು ತೆಗೆಯುವ ಕಸುಬು. ಈಗ ಅದನ್ನು ನಡೆಸುತ್ತಿರುವವನು ನನ್ನ ಅಣ್ಣ, ನಾವೆಲ್ಲ ಭಾಯ್ ಎನ್ನುತ್ತೇವೆ. ರೇಟು ಇಳಿದ ದಿನ ಭಾಯ್ ಮನೆಯಲ್ಲಿ ಬಿರಿಯಾನಿ, ಏರಿದ ದಿನ ಬೇಳೆಸಾರು. ಇತ್ತ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಸುಶೀಲಳದು. ಗಣಿತದ ಟೀಚರು, ಜಂಗಮಕೋಟೆಯ ಸೊಸೆ. ಆ ಮನೆಯವರು ಹುಳು ಸಾಕಿ ಗೂಡು ಮಾರುವವರು. ಅಲ್ಲಿ ರೇಟು ಏರಿದ ದಿನ ಒಬ್ಬಟ್ಟು, ಇಳಿದ ದಿನ ಮೌನ. ಹನ್ನೆರಡು ವರ್ಷದಿಂದ ನಾವಿಬ್ಬರೂ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೇವೆ. ಒಬ್ಬಳ ಡಬ್ಬಿಯಲ್ಲಿ ಸಂಭ್ರಮವಿದ್ದರೆ ಇನ್ನೊಬ್ಬಳದರಲ್ಲಿ ಸಂತಾಪ. ಹೊಟ್ಟೆಗೆ ಇದರಿಂದ ನಷ್ಟವೇನೂ ಆಗಿಲ್ಲ. ನನ್ನ ತೂಕವೇ ಅದಕ್ಕೆ ಸಾಕ್ಷಿ.

ಬೇಡಿಕೆ ಮತ್ತು ಪೂರೈಕೆಯ ಪಾಠವನ್ನು ನಾನು ಪ್ರತಿವರ್ಷ ಎರಡು ಗೆರೆ ಎಳೆದು ಮಾಡುತ್ತೇನೆ. ಒಂದು ಗೆರೆ ಏರುತ್ತದೆ, ಇನ್ನೊಂದು ಇಳಿಯುತ್ತದೆ, ಎರಡೂ ಕೂಡುವ ಚುಕ್ಕಿಯೇ ಬೆಲೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆ ಚುಕ್ಕಿಯ ಮೇಲೆ ಒಂದು ದಿನ ನಾನೇ ನಿಲ್ಲಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಆದದ್ದು ಹೀಗೆ. ಸುಶೀಲಳ ಗಂಡ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ವಾರವೆಲ್ಲ ಗೌರಿಬಿದನೂರಿನಲ್ಲೇ ಉಳಿದು ಭಾನುವಾರ ಬರುವವರು. ಹುಳುಮನೆಯ ಯಜಮಾನಿಕೆ ಪೂರ್ತಿ ಅತ್ತೆ ಪಿಳ್ಳಮ್ಮನವರದು. ಎಪ್ಪತ್ತು ದಾಟಿದರೂ ಆಕೆ ಯಾರನ್ನೂ ಒಳಗೆ ಬಿಟ್ಟುಕೊಂಡವರಲ್ಲ. ಲೆಕ್ಕದ ಮೇಷ್ಟ್ರಿಗೆ ಹುಳು ಎಣಿಸಲು ಬರುತ್ತದೆ, ಸಾಕಲು ಬರುವುದಿಲ್ಲ ಎಂದು ಸೊಸೆಯ ಬಗ್ಗೆ ಇಪ್ಪತ್ತು ವರ್ಷದಿಂದ ಬೀದಿಗೆಲ್ಲ ಹೇಳಿಕೊಂಡು ಬಂದವರು. ಅಂಥವರಿಗೆ ಕಣ್ಣಿನ ಪೊರೆ ಬಂತು. ಚಾಕಿ ಹುಳು, ಎಂದರೆ ಮರಿಹುಳು, ಮನೆಗೆ ಬಂದ ಮೂರನೆಯ ದಿನವೇ ಆಪರೇಷನ್ನಿಗೆ ಕರೆ ಬಂತು. ಡಾಕ್ಟರು ಒಂದು ತಿಂಗಳು ಬಗ್ಗುವಂತಿಲ್ಲ, ಧೂಳಿಗೆ ಹೋಗುವಂತಿಲ್ಲ ಎಂದರು. ನೂರು ಮೊಟ್ಟೆಯ ಹುಳು, ಎಂದರೆ ಹತ್ತಿರಹತ್ತಿರ ನಲವತ್ತು ಸಾವಿರ ಹುಳು, ಸುಶೀಲಳ ಕೊರಳಿಗೆ ಬಿತ್ತು.

ಆ ದಿನಗಳಲ್ಲಿ ಆಕೆಯ ಅವತಾರ ನೋಡಬೇಕಿತ್ತು. ಹುಳುಮನೆಗೆ ವಾಸನೆ ಆಗದು ಎಂದು ಪೌಡರು ಬಿಟ್ಟಳು, ಮಲ್ಲಿಗೆ ಬಿಟ್ಟಳು. ನಾನು ಅತ್ತರು ಹಚ್ಚುವವಳು. ನನ್ನನ್ನು ಕಂಡರೆ ಕುರ್ಚಿ ಎಳೆದುಕೊಂಡು ಕಿಟಕಿಗೆ ಹೋಗುತ್ತಿದ್ದಳು. ಬೀಜಗಣಿತ ಹೇಳುವಾಗ ತಲೆಯಲ್ಲಿ ಸೊಪ್ಪಿನ ಚೂರು. ಹುಳು ನಾಲ್ಕನೆಯ ಜ್ವರ ಮುಗಿಸಿ, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ತಿನ್ನಲು ಶುರುಮಾಡಿದಾಗ ಅದರ ಸದ್ದು ಪರೀಕ್ಷೆಯ ಹಾಲಿನಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಪ್ರಶ್ನೆಪತ್ರಿಕೆ ತಿರುವಿದ ಹಾಗೆ ಇತ್ತು ಎಂದಳು. ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ ಪಿಳ್ಳಮ್ಮನವರು ಆ ಸದ್ದನ್ನು ಗೋಡೆಯಾಚೆಯಿಂದಲೇ ಕೇಳಿ, ಸೊಪ್ಪು ಕಮ್ಮಿ ಆಯ್ತು, ಸೊಪ್ಪು ಜಾಸ್ತಿ ಆಯ್ತು ಎಂದು ಕೂಗುತ್ತಿದ್ದರಂತೆ. ಅತ್ತೆ ನನಗೆ ಮಾರ್ಕ್ಸ್ ಹಾಕುತ್ತಿದ್ದಾರೆ ಎಂದು ಸುಶೀಲ ನಗುತ್ತಿದ್ದಳು. ಆದರೆ ನಕ್ಕ ಮೇಲೆ ಗೂಡಿನ ರೇಟು ಏನಾಗಿದೆ ಎಂದು ನನ್ನ ಫೋನು ಕಿತ್ತುಕೊಂಡು ನೋಡುತ್ತಿದ್ದಳು.

ಗೂಡು ಬಿಡಿಸಿದ ಮರುದಿನ ಶಾಲೆಗೆ ರಜೆ. ಮಾರ್ಕೆಟ್ಟಿಗೆ ಜೊತೆಗೆ ಬಾ ಎಂದಳು. ನಾನು ಒಪ್ಪಿದೆ. ಇಲ್ಲಿ ಇನ್ನೊಂದು ಗುಟ್ಟು ಹೇಳಬೇಕು. ಗೂಡಿನ ಮಾರ್ಕೆಟ್ಟು ನಮ್ಮ ಮನೆಯಿಂದ ಐದು ನಿಮಿಷದ ದಾರಿ. ನನಗೆ ನಲವತ್ತೇಳು ವಯಸ್ಸು. ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ನಮ್ಮ ಮನೆಯ ಹೆಂಗಸರಿಗೆ ಅಲ್ಲಿ ಕೆಲಸವಿರಲಿಲ್ಲ. ಸುಶೀಲಳಿಗೂ ಮೊದಲು. ಇಬ್ಬರು ಟೀಚರುಗಳು ಹೊಸದಾಗಿ ಸೇರಿದ ಹುಡುಗಿಯರ ಹಾಗೆ ಕೈಕೈ ಹಿಡಿದು ಒಳಗೆ ಹೋದೆವು. ಉದ್ದುದ್ದ ಸಾಲು, ಸಾಲಿನಲ್ಲಿ ಜಾಲರಿಯ ತೊಟ್ಟಿಗಳು, ತೊಟ್ಟಿಯ ತುಂಬ ಹಳದಿ ಗೂಡು. ನಮ್ಮ ಮೂಟೆಯನ್ನೂ ಸುರಿದರು, ತೂಗಿದರು, ನಮ್ಮ ರಾಶಿಗೆ, ಅಲ್ಲಿಯವರ ಮಾತಿನಲ್ಲಿ ಲಾಟಿಗೆ, ಒಂದು ನಂಬರು ಕೊಟ್ಟರು. ಸುಶೀಲ ಆ ಗೂಡಿನ ರಾಶಿಯ ಹಿಂದೆ, ಪ್ರದರ್ಶನದಲ್ಲಿ ಮಾಡೆಲ್ಲಿನ ಹಿಂದೆ ನಿಂತ ವಿದ್ಯಾರ್ಥಿನಿಯಂತೆ ಸೆರಗು ಸರಿಮಾಡಿಕೊಂಡು ನಿಂತಳು. ನಾನು ಆಕೆಯ ಪಕ್ಕ.

ಕೊಳ್ಳುವವರು ಸಾಲುಸಾಲಾಗಿ ಬಂದರು. ಒಂದು ಗೂಡು ಎತ್ತುವುದು, ಅಮುಕುವುದು, ಕಿವಿಯ ಬಳಿ ಅಲುಗಿಸುವುದು, ಮುಂದೆ ಹೋಗುವುದು. ಅವರ ನಡುವೆ ಭಾಯ್ ಬಂದ. ನನ್ನನ್ನು ಕಂಡು ಒಂದು ಕ್ಷಣ ನಿಂತ. ಮಾರುವವರ ಕಡೆ ತಂಗಿ ನಿಂತಿರುವುದನ್ನು ನೋಡಿ ಗೂಡಿನ ಕಡೆ ತಿರುಗಿದ. ಎರಡು ಗೂಡು ಎತ್ತಿ ಅಮುಕಿದ, ಅಲುಗಿಸಿದ, ಬೇಸರ ಬಂದವನಂತೆ ರಾಶಿಗೆ ಹಾಕಿದ. ಆಮೇಲೆ ಎಡಗೈಯ ಹಿಂಬದಿಯಿಂದ ಮೂಗನ್ನು ಉಜ್ಜಿಕೊಂಡು ಹೊರಟುಹೋದ.

ಆ ಮೂಗಿನ ವಿಷಯ ಶಿಡ್ಲಘಟ್ಟದಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅತ್ತಿಗೆಗೆ ಮತ್ತು ನನಗೆ. ಯಾವುದಾದರೂ ವಸ್ತು ಮನಸ್ಸಿಗೆ ತುಂಬ ಹಿಡಿಸಿ, ಎಷ್ಟಾದರೂ ಸರಿ ಕೊಳ್ಳಲೇಬೇಕು ಎನ್ನಿಸಿದಾಗ ಭಾಯ್ ಮೂಗು ಉಜ್ಜುತ್ತಾನೆ. ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಉಜ್ಜಿದ್ದ. ಅತ್ತಿಗೆಯನ್ನು ನೋಡಲು ಹೋದ ದಿನ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹರಾಜಿನ ಮೊದಲ ಸುತ್ತಿನ ರೇಟು ಬಂತು. ನಮ್ಮ ಲಾಟಿಗೆ ಕಿಲೋಗೆ ಐನೂರ ಹನ್ನೆರಡು. ಪಕ್ಕದ ತೊಟ್ಟಿಯ ರೈತರು, ಮೊದಲ ಸಲಕ್ಕೆ ಒಳ್ಳೆಯ ರೇಟು, ಒಪ್ಪಿಕೊಂಡುಬಿಡಿ ಎಂದರು. ಬೇಡವೆಂದರೆ ಎರಡನೇ ಸುತ್ತು ಉಂಟು. ಆದರೆ ಅಷ್ಟರಲ್ಲಿ ಬೇಕಾದವರು ಬೇಕಾದಷ್ಟು ಕೊಂಡು ಹೋಗಿರಬಹುದು, ಇದಕ್ಕಿಂತ ಕಡಿಮೆಯೂ ಬರಬಹುದು. ಸುಶೀಲ ನನ್ನ ಮುಖ ನೋಡಿದಳು. ಭಾಯ್ ನೂಲು ತೆಗೆದು ನನ್ನನ್ನು ಬಿ.ಎಡ್. ಓದಿಸಿದವನು. ಅವನ ಮೂಗಿನ ಗುಟ್ಟನ್ನು ಮಾರ್ಕೆಟ್ಟಿನ ನಡುವೆ ನಿಂತು ಹೇಳಿದರೆ ನಾನು ಎಂಥ ತಂಗಿ? ಹೇಳದೆ ಸುಮ್ಮನಿದ್ದರೆ, ಹದಿನೆಂಟು ದಿನ ಪೌಡರು ಮುಟ್ಟದ ಇವಳಿಗೆ ನಾನು ಎಂಥ ಗೆಳತಿ? ಹೀಗೆ ಧರ್ಮಸಂಕಟದಲ್ಲಿ ಬೇಯುತ್ತಿದ್ದಾಗ, ಆ ಸಾಲಿನ ಕೊನೆಯಲ್ಲಿ ಕಂಬದ ಮರೆಯಲ್ಲಿ ನಿಂತಿದ್ದ ಭಾಯ್ ನಮ್ಮ ತೊಟ್ಟಿಯ ಕಡೆ ನೋಡುತ್ತ ಮತ್ತೆ ಮೂಗು ಉಜ್ಜಿದ.

ನನಗೆ ನಗು ಬಂತು. ಸಣ್ಣ ನಗುವಲ್ಲ. ಮುಖ್ಯೋಪಾಧ್ಯಾಯರು ಗಂಭೀರವಾಗಿ ಭಾಷಣ ಮಾಡುವಾಗ ಹಿಂದಿನ ಸಾಲಿನಲ್ಲಿ ಬರುತ್ತದಲ್ಲ, ತಡೆದಷ್ಟೂ ಹೊಟ್ಟೆ ಕುಣಿಯುವ ನಗು, ಅದು. ಕಣ್ಣಲ್ಲಿ ನೀರು ಬಂತು, ತೊಟ್ಟಿಯ ಅಂಚು ಹಿಡಿದು ನಿಂತೆ.

“ಯಾಕೇ ನಗ್ತಿದ್ದೀಯ? ಒಪ್ಕೊಳ್ಳಲಾ ಬೇಡ್ವಾ, ಅದನ್ನ ಹೇಳು” ಎಂದಳು ಸುಶೀಲ.

“ನನ್ನ ಕೇಳ್ಬೇಡ ಕಣೇ. ನಾನು ಎರಡೂ ಕಡೆಯವಳು” ಎಂದೆ.

ಆಕೆ ಅರೆಕ್ಷಣ ನನ್ನನ್ನೇ ನೋಡಿದಳು. ಲೆಕ್ಕದವರ ಸಹವಾಸ ಮಾಡಬಾರದು ಎನ್ನುವುದು ಇದಕ್ಕೇ.

“ಅಂದ್ರೆ ನಿನಗೇನೋ ಗೊತ್ತಿದೆ. ರೇಟು ಸರಿಯಾಗಿದ್ದಿದ್ರೆ ಒಪ್ಕೋ ಅಂತಿದ್ದೆ, ಅದ್ರಲ್ಲಿ ಯಾರಿಗೂ ಮೋಸ ಇಲ್ಲ. ಹೇಳಕ್ಕೆ ಆಗ್ತಿಲ್ಲ ಅಂದ್ರೆ ನಿಮ್ಮಣ್ಣನಿಗೆ ಈ ಗೂಡು ಬೇಕು.”

ನನ್ನ ಉತ್ತರಕ್ಕೂ ಕಾಯದೆ ರೇಟು ಬೇಡವೆಂದು ಬರೆಸಿಬಿಟ್ಟಳು. ಪಕ್ಕದ ರೈತರು ತಲೆ ಕೊಡವಿದರು. ಬರೆಸಿದ ಮೇಲೆ ಆಕೆಗೆ ಭಯ ಹತ್ತಿತು. ಅತ್ತೆಗೆ ಏನು ಹೇಳಲಿ, ಐನೂರ ಹನ್ನೆರಡು ಬಂದಿತ್ತು, ಬಿಟ್ಟೆ ಅನ್ನಲಾ ಎಂದು ನನ್ನ ತೋಳು ಹಿಂಡತೊಡಗಿದಳು. ಆ ಕಲೆ ಒಂದು ವಾರ ಇತ್ತು. ಭಯದ ನಡುವೆ ನನ್ನ ನಗು ಆಕೆಗೂ ಅಂಟಿತು. ನಾವಿಬ್ಬರೂ ಗೂಡಿನ ರಾಶಿಯ ಮುಂದೆ ಬಾಯಿಗೆ ಸೆರಗು, ದುಪಟ್ಟ ಒತ್ತಿಕೊಂಡು ಅಲುಗಾಡುತ್ತಿದ್ದುದನ್ನು ನಮ್ಮ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲವೆಂಬುದೇ ಸಮಾಧಾನ.

ಎರಡನೇ ಸುತ್ತು ಶುರುವಾಯಿತು. ಕೊಳ್ಳುವವರೆಲ್ಲ ಫಲಿತಾಂಶ ನೋಡುವ ಮಕ್ಕಳ ಹಾಗೆ ಫೋನಿನ ಮೇಲೆ ಬಗ್ಗಿದರು. ಇಲ್ಲಿ ಈಗ ಕೂಗುವುದಿಲ್ಲ, ಹಿಂದಿನವರ ಹಾಗೆ ಬಟ್ಟೆಯಡಿ ಬೆರಳು ಹಿಡಿದು ರೇಟು ಹೇಳುವುದಿಲ್ಲ. ಎಲ್ಲ ಹೆಬ್ಬೆರಳಿನ ಆಟ. ನಾವು ಪರದೆ ನೋಡುತ್ತ ನಿಂತೆವು. ನಮ್ಮ ನಂಬರಿನ ಎದುರು ಐನೂರ ಅರವತ್ತೊಂದು ಎಂದು ಬಂತು. ಸುಶೀಲ ಅದನ್ನು ಎರಡು ಸಲ ಓದಿ, ಖಾಲಿ ಗೋಣಿಚೀಲದ ಮೇಲೆ ಕುಸಿದು ಕೂತಳು. ಕೊಂಡವನು ಭಾಯ್. ಕೊನೆಗೆ ಆ ದಿನದ ಗರಿಷ್ಠ, ಕನಿಷ್ಠ ರೇಟು ಹಾಕಿದಾಗ ಗರಿಷ್ಠ ನಮ್ಮದೇ ಆಗಿತ್ತು.

ಭಾಯ್ ನಿಧಾನವಾಗಿ ನಡೆದು ಬಂದ. ಗೂಡು ಗಟ್ಟಿಯಾಗಿದೆ ಟೀಚರಮ್ಮ, ಯಾರು ಸಾಕಿದ್ದು ಎಂದು ಕೇಳಿದ. ನಾನೇ ಎಂದು ಸುಶೀಲ ಹೇಳಿದ್ದು ಆಕೆಗೇ ಕೇಳಿಸುವಷ್ಟು ಮೆಲ್ಲಗೆ. ಆಮೇಲೆ ಭಾಯ್ ನನ್ನ ಕಡೆ ತಿರುಗಿ ಉರ್ದುವಿನಲ್ಲಿ, ಅವರಿಗೆ ಏನಾದರೂ ಹೇಳಿದೆಯಾ ಎಂದ. ಇಲ್ಲ ಭಾಯ್, ನಕ್ಕೆ ಅಷ್ಟೆ ಎಂದೆ. ಅವನು ಹೇಳಿದ: ನೀನು ನಗುತ್ತಿದ್ದುದನ್ನು ನಾನೂ ನೋಡಿದೆ, ಐನೂರ ಹನ್ನೆರಡು ಹಾಕಿದ್ದು ನಾನೇ, ಅದನ್ನು ನೋಡಿ ಎಲ್ಲರ ಮುಂದೆ ನಗುತ್ತಿದ್ದಾಳೆ ಅಂದುಕೊಂಡೆ, ಅದಕ್ಕೇ ಏರಿಸಿದೆ. ನನ್ನ ಎರಡು ಗೆರೆಗಳ ಪಾಠದಲ್ಲಿ ತಂಗಿಯ ನಗುವಿಗೆ ಜಾಗವೇ ಇಲ್ಲ. ಪಠ್ಯಪುಸ್ತಕ ಬರೆಯುವವರು ಗಮನಿಸಬೇಕು.

ಆ ರಾತ್ರಿ ಅತ್ತಿಗೆ ಬೇಳೆಸಾರು ಮಾಡಿದ್ದು ನಿಜ, ನನ್ನ ಪಾಲಿಗೆ ಹಪ್ಪಳವೂ ಬರಲಿಲ್ಲ. ಆದರೆ ವಾರದ ನಂತರ ಭಾಯ್ ತಾನಾಗಿ, ಆ ಗೂಡಿನ ಎಳೆ ಕಡಿಯದೆ ಬಂತು, ನಷ್ಟವೇನೂ ಆಗಲಿಲ್ಲ ಎಂದ. ನಿನ್ನ ಗೆಳತಿ ಮುಂದಿನ ಬೆಳೆ ಯಾವಾಗ ತರುತ್ತಾಳೆ ಎಂದೂ ಕೇಳಿದ.

ಇದೆಲ್ಲ ಆಮೇಲಿನದು. ಅಂದು ಮಧ್ಯಾಹ್ನ ನಾವು ಸಿಹಿ ಕಟ್ಟಿಸಿಕೊಂಡು ಜಂಗಮಕೋಟೆಯ ಬಸ್ಸು ಹತ್ತಿದೆವು. ಪಿಳ್ಳಮ್ಮನವರು ಕಪ್ಪು ಕನ್ನಡಕದಲ್ಲಿ ಮಂಚದ ಮೇಲೆ ಒರಗಿದ್ದರು. ಹೆಜ್ಜೆಯ ಸದ್ದಿಗೇ ತಲೆ ಎತ್ತಿದರು. ರೇಟಿನ ಮಾತು ಬಂದರೆ ಆಕೆಯ ನಾಲಿಗೆ ತೆಲುಗಿಗೆ ಹೊರಳುತ್ತದೆ. “ಎಂತ?” ಎಂದರು, ಎಷ್ಟು ಎಂದು ಅರ್ಥ. ಸುಶೀಲ ಹೇಳಿದಳು. ಮಾರ್ಕೆಟ್ಟಿಗೇ ಜಾಸ್ತಿಯಾ ಎಂದು ಕೇಳಿದರು. ಹೌದೆಂದಳು. ಚೀಟಿ ಕೊಡು ಎಂದು ಕೈ ಚಾಚಿದರು, ಬೆರಳಿನಿಂದ ಸವರಿದರು, ಹೆಸರು ಓದಿಸಿದರು. ಮಾರ್ಕೆಟ್ಟಿನಲ್ಲಿ ನೋಂದಾವಣೆ ಆಗಿರುವುದು ಆಕೆಯ ಹೆಸರಿನಲ್ಲಿ, ಹಾಗಾಗಿ ಚೀಟಿಯಲ್ಲಿ ಇದ್ದದ್ದು ಪಿಳ್ಳಮ್ಮ ಎಂದೇ. ಇನ್ನೊಂದು ಸಲ ಓದು ಎಂದರು. ಸುಶೀಲ ಓದಿದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಗೂಡು ಏನು ಹೋಯಿತು ಎಂದು ಕೇಳಿದರು. ಪಿಳ್ಳಮ್ಮನವರು ಕನ್ನಡಕ ಸರಿಮಾಡಿಕೊಂಡು ಎದ್ದು ಕೂತರು.

“ಐನೂರರವತ್ತೊಂದು. ಈ ಸಾರಿ ಮಲ್ಕೊಂಡೇ ಬೆಳ್ದೆ ಕಣಮ್ಮ.”

ನಾನು ಗಾಬರಿಯಿಂದ ಸುಶೀಲಳ ಕಡೆ ನೋಡಿದೆ. ಆಕೆ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಭುಜ ಕುಣಿಯುತ್ತಿತ್ತು. ಮಾರ್ಕೆಟ್ಟಿನ ನಗು ಇನ್ನೂ ಮುಗಿದಿರಲಿಲ್ಲ. ಪಕ್ಕದ ಮನೆಯಾಕೆ ಹೊರಡುವ ಮುಂಚೆ, ಹಾಗಾದರೆ ಸೊಸೆ ಏನು ಮಾಡಿದಳು ಎಂದು ಕೇಳಿಯೇಬಿಟ್ಟರು. ಪಿಳ್ಳಮ್ಮನವರು ಸ್ವಲ್ಪ ಯೋಚಿಸಿದರು.

“ಸೊಪ್ಪು ಹಾಕಿದ್ಲು. ಪರವಾಗಿಲ್ಲ.”

ಸುಶೀಲಳ ನಗು ನಿಂತಿತು.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತ ಮೇಲೆ, “ಕೇಳಿಸ್ಕೊಂಡ್ಯಾ? ಪರವಾಗಿಲ್ಲ ಅಂದ್ರು” ಎಂದಳು. ಹೂಂ ಎಂದೆ. ಬಸ್ಸು ತಡವಾಗಿ ಬಂತು. ಅಷ್ಟರೊಳಗೆ ಆ ಮಾತನ್ನು ಆಕೆ ಇನ್ನೂ ಮೂರು ಸಲ ಹೇಳಿದಳು. ಐನೂರ ಅರವತ್ತೊಂದು ಎಂದು ಒಂದು ಸಲವೂ ಹೇಳಲಿಲ್ಲ.