ಗಿಡದ ಜೀನು ಹುಡುಕಿದ ಮೇಡಂ

ನಮ್ಮ ಸಸ್ಯಶಾಸ್ತ್ರದ ಮೇಡಂ ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಕಂದು ಕಲೆ ಇರುತ್ತಿತ್ತು. ತೆಂಗಿನ ಬುಡ ಕೆತ್ತಿ ಕೆತ್ತಿ ಹಿಡಿದದ್ದು, ಸೋಪಿಗೆ ಬಗ್ಗುವಂಥದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ತಿಪಟೂರಿನ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಅವರು, ಭಾನುವಾರ ಬಂದರೆ ಹೊನ್ನವಳ್ಳಿ ಬಸ್ಸು ಹತ್ತಿ ಅಣಬೆ ರೋಗ ತಗುಲಿದ ತೋಟ ಹುಡುಕಿಕೊಂಡು ಹೋಗುತ್ತಿದ್ದರು. ಬುಡದಲ್ಲಿ ಅಣಬೆ ಎದ್ದು, ನಿಂತ ಮರವನ್ನೇ ಒಣಗಿಸುವ ರೋಗ ಅದು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

"ಸತ್ ಮರ ನೋಡಾಕೆ ಇಷ್ಟ್ ದೂರ ಬಂದ್ರಾ ಮೇಡಮ್ಮೋರೆ?" ಎಂದು ತೋಟದ ಯಜಮಾನ ನಕ್ಕ.

"ಇದು ಯಾಕೆ ಸತ್ತಿತು ಅಂತ ತಿಳಿದ್ರೆ ತಾನೇ ಕಣಪ್ಪ, ಪಕ್ಕದ್ದು ಉಳ್ಯೋದು" ಎಂದು ಅವರು ಮಣ್ಣಿಗೆ ಮೊಣಕಾಲೂರಿದರು.

ಅವರ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತ್ತು. ಜೀನು ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ, ಸರಿ. ಆದರೆ ಯುಗಯುಗಗಳಿಂದ ಗಿಡವನ್ನು ತಿಂದೇ ಬದುಕಿರುವ ಈ ಅಣಬೆಯಂಥ ಶಿಲೀಂಧ್ರವು ಆ ಗಿಡದ ಜೀನನ್ನೇ ಅಡ್ಡದಾರಿಯಲ್ಲಿ ಪಡೆದು ತನ್ನದು ಮಾಡಿಕೊಂಡಿರಬಹುದೇ? ಅದರ ಬಲದಿಂದಲೇ ಗಿಡವನ್ನು ಯಾಮಾರಿಸುತ್ತಿರಬಹುದೇ? ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಹುಣಸೆಮರ ಸುತ್ತಿದ ಹಾವು ಹುಣಸೆಕಾಯಿ ಬಿಡುತ್ತೇನ್ರೀ?" ಎಂದು ಹಾಸ್ಯ ಮಾಡಿದರಂತೆ. ಅದನ್ನು ಮೇಡಂ ತಾವೇ ನಮಗೆ ಹೇಳಿ ಮನಸಾರೆ ನಕ್ಕಿದ್ದರು.

ಪರೀಕ್ಷಿಸಿ ನೋಡುವ ಯಂತ್ರ ಕಾಲೇಜಿನಲ್ಲಿರಲಿಲ್ಲ. ಕೆಲವು ವರ್ಷಗಳ ನಂತರ ನಾನು ಸಂಶೋಧನೆಗೆ ಸೇರಿದಾಗ, ಅವರೇ ಕೊಟ್ಟ ಅಣಬೆಯ ಚೂರಿನಲ್ಲಿ ಗಿಡದ್ದೇ ಎನ್ನುವಂಥ ಜೀನೊಂದು ಸಿಕ್ಕಿಬಿಟ್ಟಿತು. ಫಲಿತಾಂಶದ ಹಾಳೆ ಹಿಡಿದು ತಿಪಟೂರಿಗೆ ಓಡಿದೆ. ನೋಡುತ್ತಾ ನೋಡುತ್ತಾ ಮೇಡಂ ಕಣ್ಣು ತುಂಬಿಕೊಂಡರು. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು: "ಅಣಬೆ ಜೊತೆ ಮರದ ನಾರೇನಾದ್ರೂ ಅಂಟ್ಕೊಂಡು ಬಂದಿದ್ರೆ?"

"ತೊಳೆದಿದ್ದೆ ಮೇಡಂ."

"ತೊಳೆದ್ರೆ ಸಾಲದು ಕಣೇ. ಮರದ ಚೂರೂ ಸೋಕದ ಹಾಗೆ ಗಾಜಿನ ತಟ್ಟೇಲಿ ಬರೀ ಶಿಲೀಂಧ್ರ ಬೆಳೆಸು. ಅದರಲ್ಲೂ ಸಿಕ್ಕಿದ್ರೆ ನಂಬೋಣ."

ಬೆಳೆಸಿದೆ. ಸಿಗಲಿಲ್ಲ. ಮತ್ತೆ ಬೆಳೆಸಿದರೂ ಇಲ್ಲ. ನನಗೆ ಮೊದಲು ಸಿಕ್ಕಿದ್ದು ಅಂಟಿಕೊಂಡು ಬಂದ ತೆಂಗಿನದೇ ಜೀನು.

ಮತ್ತೆ ತಿಪಟೂರಿಗೆ ಹೋಗಿ ಅದನ್ನು ಮೇಡಂಗೆ ಹೇಳಿದೆ. ಅವರು ಹೊಸ ಹಾಳೆಯನ್ನು ಕೊನೆಯವರೆಗೆ ಓದಿ ಮಡಿಚಿಟ್ಟರು. "ಬೇರೆಯೋರು ಹೇಳೋ ಮುಂಚೆ ನಾವೇ ಕಂಡ್ಕೊಂಡ್ವಲ್ಲ, ಬಿಡು. ಇದರಲ್ಲಿ ಇಲ್ಲ ಅಂದ್ರೆ ಯಾವುದರಲ್ಲೂ ಇಲ್ಲ ಅಂತೇನಲ್ಲ. ಏಳು, ಉಪ್ಪಿಟ್ಟು ಆರೋಗ್ತದೆ" ಎಂದರು.

ಮರುವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಆಮೇಲೆ, ರೋಗ ತರುವ ಶಿಲೀಂಧ್ರಗಳಲ್ಲೂ ಗಿಡದಿಂದ ಬಂದ ಜೀನುಗಳು ಅಪರೂಪಕ್ಕಾದರೂ ಇವೆ ಎಂದು ದೂರದೇಶದ ವಿಜ್ಞಾನಿಗಳು ಬರೆದದ್ದನ್ನು ಓದಿದೆ. ಮೇಡಂ ಊಹೆ ಹುಚ್ಚಲ್ಲವೆಂದು ಹಿಗ್ಗಿದೆ. ಆದರೆ ನಾನು ಅವರನ್ನು ನೆನೆಯುವುದು ಅದಕ್ಕಲ್ಲ. ತಾವು ಅಷ್ಟು ಆಸೆಪಟ್ಟ ಮಾತು ಸುಳ್ಳಾಗಬಹುದಾದ ದಾರಿಯನ್ನು ತಾವೇ ಬೆರಳಿಟ್ಟು ತೋರಿಸಿದ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.